ಗಣಕದ ಉಗ್ರಾಣದಲ್ಲಿ ಕನ್ನಡದ ಕಟ್ಟು

ಮದರಾಸಿಗೂ ಕನ್ನಡದ ಅಚ್ಚುಮೊಳೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕರ್ಣಾಟಕ ವ್ಯಾಕರಣವು 1817ರಲ್ಲಿ ಅಚ್ಚಾದ ಮೂರೇ ವರ್ಷಕ್ಕೆ, ಅಂದರೆ 1820ರಲ್ಲಿ, ಜಾನ್ ಮೆಕೆರೆಲ್ ಎಂಬವರ ಕನ್ನಡ ವ್ಯಾಕರಣವು ನಮ್ಮ ಈ ಊರಿನ ಕಾಲೇಜು ಮುದ್ರಣಾಲಯದಿಂದ ಹೊರಬಿತ್ತು. ರೀವ್ ಸಾಹೇಬರ ನಿಘಂಟಿನ ಇಂಗ್ಲಿಷ್-ಕನ್ನಡ ಭಾಗವು 1824ರಲ್ಲಿಯೂ, ಕನ್ನಡ-ಇಂಗ್ಲಿಷ್ ಭಾಗವು 1832ರಲ್ಲಿಯೂ ಇಲ್ಲಿಯೇ ಅಚ್ಚಾದವು. ಮಂಗಳೂರಿನಲ್ಲಿ 1894ರಲ್ಲಿ ಬೆಳಕು ಕಂಡ ಕಿಟ್ಟೆಲ್ ಕೋಶವನ್ನು ಮದರಾಸು ವಿಶ್ವವಿದ್ಯಾಲಯದ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದೂ ಇಲ್ಲಿಂದಲೇ. ಇವುಗಳಲ್ಲಿ ಯಾವ ಪುಸ್ತಕವನ್ನು ಬಿಡಿಸಿದರೂ ಇಂದಿಗೂ ಓದಬಹುದು. ಕಾಗದ ಹಳದಿಗಟ್ಟಿದೆ, ಅಷ್ಟೆ.

ಆದರೆ ನಮ್ಮ ಸಂಘದ 2001ನೆಯ ಇಸವಿಯ ಸ್ಮರಣ ಸಂಚಿಕೆಯನ್ನು ಹೋದ ವರ್ಷದ ಮುಂಚಿನ ವರ್ಷ ಓದಲಿಕ್ಕೆ ಹೋದಾಗ ನಮಗಾದ ಅನುಭವವೇ ಬೇರೆ. ಅಚ್ಚಿನ ಪ್ರತಿಗಳಲ್ಲಿ ಒಂದೇ ಒಂದು ಉಳಿದಿದ್ದು, ಅದನ್ನೂ ಗೆದ್ದಲು ಅರ್ಧಕ್ಕರ್ಧ ತಿಂದಿತ್ತು. ಅದೃಷ್ಟವಶಾತ್ ಅದರ ಮೂಲಪ್ರತಿ ಒಂದು ಸಿ.ಡಿ.ಯಲ್ಲಿ ಇತ್ತು. ಸಿ.ಡಿ.ಯನ್ನು ಸಂಘದ ಕಂಪ್ಯೂಟರಿಗೆ ಹಾಕಿ ತೆರೆದೆವು. ‘ಕನ್ನಡ’ ಎಂದು ಇರಬೇಕಾದಲ್ಲಿ ಕಂಡದ್ದೇನು? ಇಂಗ್ಲಿಷಿನ ‘ಪಿ’ ಅಕ್ಷರ, ನೆತ್ತಿಯ ಮೇಲೆ ಗೆರೆಯೆಳೆದ ಒಂದು ‘ಎ’, ಆಮೇಲೆ ಪೌಂಡು ನಾಣ್ಯದ ಗುರುತು, ಮತ್ತೆ ಅದೇ ‘ಎ’, ಜರ್ಮನರ ಎರಡು ‘ಎಸ್’ ಸೇರಿದ ಅಕ್ಷರ, ಕೊನೆಗೆ ‘ಕ್ಯು’ ಮತ್ತು ಇನ್ನೊಂದು ‘ಎ’. ಪುಟಪುಟಕ್ಕೂ ಪೌಂಡು, ಯೆನ್, ಸೆಂಟು. ನಾವು ಬ್ಯಾಂಕಿನಲ್ಲಿ ಗುಮಾಸ್ತರು. ವಿದೇಶೀ ವಿನಿಮಯದ ಲೆಡ್ಜರನ್ನೇ ತಪ್ಪಿ ತೆರೆದೆವೋ ಎನಿಸಿತು. ಪಕ್ಕದಲ್ಲಿದ್ದ ಹಿರಿಯ ಸದಸ್ಯರು, “ಏನಪ್ಪಾ ಇದು, ಎಂಟು ತಿಂಗಳು ಕೂತು ಬರೆಸಿದ್ದಲ್ಲವೇ ನಾವು?” ಎಂದು ಸುಮ್ಮನಾದರು. ಆ ಸಂಚಿಕೆಯಲ್ಲಿ ಅವರ ತೀರಿಹೋದ ಅಣ್ಣನವರ ಲೇಖನವೊಂದಿತ್ತು. ಐನಾವರದಲ್ಲಿ ರೈಲ್ವೆ ನೌಕರಿಗೆಂದು ಬಂದ ಕನ್ನಡ ಮನೆತನಗಳ ಹಳೆಯ ಕಥೆ ಅದು. ಬೇರೆಲ್ಲಿಯೂ ಅದರ ಪ್ರತಿಯಿಲ್ಲ.

ಇದು ಹೀಗೇಕಾಯಿತೆಂಬುದಕ್ಕೆ ಒಂದು ಚರಿತ್ರೆಯೇ ಇದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಂಪ್ಯೂಟರು ಅಕ್ಷರವನ್ನು ಅರಿಯದು. ಅಂಕಿಯನ್ನು ಮಾತ್ರ ಅರಿಯುವುದು. ಇಂತಿಂಥ ಅಂಕಿಗೆ ಇಂತಿಂಥ ಅಕ್ಷರವೆಂದು ಮೊದಲೇ ಒಂದು ಒಡಂಬಡಿಕೆ ಆಗಿರಬೇಕು. ಭಾರತೀಯ ಲಿಪಿಗಳಿಗೆ ಇಂಥದೊಂದು ಒಡಂಬಡಿಕೆಯನ್ನು, ‘ಇಸ್ಕಿ’ ಎಂಬ ಹೆಸರಿನಿಂದ, ನಮ್ಮ ಮಾನಕ ಸಂಸ್ಥೆ 1991ರಲ್ಲಿ ಪ್ರಕಟಿಸಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯೂ ಬಂದು, ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ ದೊರೆಯಿತು. ಶಾಸ್ತ್ರ ಸಿದ್ಧವಾಗಿತ್ತೇನೋ ನಿಜ. ಆದರೆ ಅಂದು ಮುದ್ರಣಾಲಯಗಳಲ್ಲಿದ್ದ ಯಂತ್ರಗಳು ಇದನ್ನು ನಡೆಸಿಕೊಡುವ ಸ್ಥಿತಿಯಲ್ಲಿರಲಿಲ್ಲ. ಕಾಗುಣಿತ, ಒತ್ತಕ್ಷರ ಮುಂತಾದವನ್ನು ಜೋಡಿಸಿ ತೋರಿಸುವ ಬುದ್ಧಿ ಅವಕ್ಕೆ ಬಂದಿರಲಿಲ್ಲ. ಆದುದರಿಂದ ನಮ್ಮ ತಂತ್ರಜ್ಞರು ಒಂದು ಉಪಾಯ ಮಾಡಿದರು. ಕಂಪ್ಯೂಟರಿಗೆ ‘ಇದು ಇಂಗ್ಲಿಷು’ ಎಂದೇ ಹೇಳಿ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿದ ಫಾಂಟನ್ನು ತಯಾರಿಸಿದರು. ಆ ಫಾಂಟು ಇರುವ ತನಕ ಕನ್ನಡ. ಅದು ಇಲ್ಲವಾದರೆ ಪೌಂಡು.

ಈ ಉಪಾಯವನ್ನು ಹಳಿಯುವುದು ನಮ್ಮ ಇಚ್ಛೆಯಲ್ಲ. ಅದಿಲ್ಲದಿದ್ದರೆ ಆ ಹದಿನೈದು ಇಪ್ಪತ್ತು ವರ್ಷ ಕನ್ನಡದ ಅಚ್ಚುಕೆಲಸವೇ ನಿಲ್ಲುತ್ತಿತ್ತು. ಕಿನ್ನಿಕಂಬಳದ ಕೆ. ಪಿ. ರಾಯರು ಉಚ್ಚಾರಣೆಗೆ ಹೊಂದಿದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದು, ಹೊರನಾಡ ಕನ್ನಡಿಗರ ಮನೆಮನೆಗೂ ಕನ್ನಡದ ಬೆರಳಚ್ಚನ್ನು ಮುಟ್ಟಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ನಮ್ಮ 2001ರ ಸಂಚಿಕೆಯೂ ನುಡಿಯ ಮೊಳೆಗಳಲ್ಲೇ ಜೋಡಣೆಯಾದದ್ದು. ಅದೇ ವರ್ಷ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ಹೊತ್ತು ತಂದು ಯೂನಿಕೋಡಿಗೆ ದಾರಿ ತೆರೆಯಿತಾದರೂ, ಮುದ್ರಣಾಲಯದವರು ಹಳೆಯ ರೂಢಿಯನ್ನು ಬಿಡಲಿಲ್ಲ. ಹೀಗಾಗಿ 1990ರಿಂದ ಈಚೆಗೆ ಹತ್ತಿಪ್ಪತ್ತು ವರ್ಷಗಳ ಕನ್ನಡದ ಪುಸ್ತಕ, ಪತ್ರಿಕೆ, ಮದುವೆಯ ಆಹ್ವಾನಪತ್ರಿಕೆಗಳೆಲ್ಲ ಈ ಇಂಗ್ಲಿಷ್ ವೇಷದಲ್ಲಿಯೇ ಡಿಸ್ಕುಗಳಲ್ಲಿ ಬಿದ್ದಿವೆ.

ವೇಷವನ್ನು ಕಳಚುವುದಕ್ಕೆ ಬೇಕಾದದ್ದು ಒಂದು ಪರಿವರ್ತಕ: ಈ ಗುರುತು ಬಂದರೆ ಆ ಅಕ್ಷರವನ್ನಿಡು ಎಂದು ಸಾಲುಸಾಲಾಗಿ ಓದಿ ಬದಲಾಯಿಸುವ ಸಣ್ಣ ಕಾರ್ಯಕ್ರಮ. ಕನ್ನಡದಲ್ಲಿ ಅರವಿಂದ ವಿ. ಕೆ. ಅವರು ಇಂಥದೊಂದನ್ನು ರಚಿಸಿ ಮೂಲಸಂಕೇತ ಸಹಿತ ಬಹಿರಂಗಗೊಳಿಸಿದ್ದಾರೆ. ನೆರೆಯ ಮಲಯಾಳಿಗಳ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರೂ ತಮ್ಮ ಭಾಷೆಗೆ ಮಾಡಿಕೊಂಡು, ವಿ.ಕೆ.ಎನ್. ಅವರ ಹಾಸ್ಯಕಥೆಗಳ ನಾಯಕನ ಹೆಸರನ್ನೇ ಅದಕ್ಕಿಟ್ಟು ‘ಪಯ್ಯನ್ಸ್’ ಎಂದು ಕರೆದರು. ನಮ್ಮ ಸಂಘದಲ್ಲಿಯೂ ಅಂಬತ್ತೂರಿನ ಕಡೆ ಕೆಲಸದಲ್ಲಿದ್ದ ತರುಣ ಇಂಜಿನಿಯರೊಬ್ಬರು ಹಿಂದೆಂದೋ ಹವ್ಯಾಸಕ್ಕೆಂದು ಒಂದನ್ನು ಬರೆದಿಟ್ಟುಕೊಂಡಿದ್ದರು. ಗುಂಡಿಯಿಲ್ಲ, ಚಿತ್ರವಿಲ್ಲ, ಕಪ್ಪು ತೆರೆಯ ಮೇಲೆ ಅಪ್ಪಣೆಯ ಸಾಲನ್ನು ಬೆರಳಚ್ಚಿಸಿದರೆ ಕೆಲಸ ಮುಗಿಸಿ ಸುಮ್ಮನಾಗುವ ಜಾತಿಯದು.

ಈ ‘ಅಪ್ಪಣೆ ಸಾಲಿನ’ ಉಪಕರಣಗಳ ವಂಶ ದೊಡ್ಡದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ, ಯಂತ್ರ ಕೊಳ್ಳಲು ಹಣ ಸುಲಭವಾಗಿ ಸಿಗಲಿಲ್ಲ. ಪಠ್ಯವನ್ನು ಸಿದ್ಧಪಡಿಸುವ ಸಾಧನವನ್ನು ಮಾಡಿಕೊಡುತ್ತೇವೆಂದು ಮಾತುಕೊಟ್ಟು ಯಂತ್ರವನ್ನು ಪಡೆದರು. 1971ರಲ್ಲಿ ಅದನ್ನು ಮೊದಲು ಬಳಸಿದವರು ಅಲ್ಲಿಯ ಪೇಟೆಂಟು ವಿಭಾಗದ ಬೆರಳಚ್ಚುಗಾರರು. ದೊಡ್ಡ ದೊಡ್ಡ ವಿಜ್ಞಾನಿಗಳ ಹೆಸರಿನಲ್ಲಿ ನಡೆದ ಈ ವ್ಯವಸ್ಥೆಗೆ ಮೊದಲ ಗಿರಾಕಿಗಳು ನಮ್ಮಂಥ ಗುಮಾಸ್ತರೇ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಹುಡುಕುವ ಗ್ರೆಪ್, ತಿದ್ದುವ ಸೆಡ್, ಕಲಮುಕಲಮಾಗಿ ಲೆಕ್ಕ ಹಾಕುವ ಆಕ್ ಎಲ್ಲವೂ ಆ 1970ರ ದಶಕದಲ್ಲಿಯೇ ಹುಟ್ಟಿದವು. ಇದೇ ಥಾಂಪ್ಸನ್ನರು 1992ರ ಸೆಪ್ಟೆಂಬರಿನಲ್ಲಿ ನ್ಯೂಜರ್ಸಿಯ ಒಂದು ಭೋಜನಶಾಲೆಯಲ್ಲಿ, ರಾಬ್ ಪೈಕರು ಎದುರಿಗಿರುವಂತೆ, ತಟ್ಟೆಯ ಕೆಳಗಿನ ಕಾಗದದ ಮೇಲೆ ಯುಟಿಎಫ್-8 ಎಂಬ ಬರವಣಿಗೆಯ ಕ್ರಮವನ್ನು ಗೀಚಿದರು. (ನಮ್ಮ ಉಡುಪಿ ಹೋಟೆಲಿನ ಬಾಳೆಲೆಯ ಮೇಲಾಗಿದ್ದರೆ ಲೋಕಕ್ಕೆ ಬಹಳ ನಷ್ಟವಾಗುತ್ತಿತ್ತು!) ಇಂದು ಯೂನಿಕೋಡ್ ಕನ್ನಡವು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ಈ ಕ್ರಮದಲ್ಲಿಯೇ.

ಇರಲಿ. ತರುಣ ಮಿತ್ರರ ಪರಿವರ್ತಕವು ಅವರ ಮನೆಯ ಯಂತ್ರದಲ್ಲಿ ಚೆನ್ನಾಗಿ ಓಡಿತು. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಸಂಘಕ್ಕೆ ತಂದರೆ ಒಂದು ಹೆಜ್ಜೆಯೂ ಇಡಲಿಲ್ಲ. ಅವರು ಬರೆದದ್ದು ಪೈಥಾನ್ ಭಾಷೆಯ ಎರಡನೆಯ ಪೀಳಿಗೆಗೆ. ಅದಕ್ಕೆ 2020ರ ಜನವರಿ 1ರಂದು ಕೊನೆಯ ತೆರೆ ಬಿದ್ದು, ಸಂಘದ ಯಂತ್ರದಲ್ಲಿ ಮೂರನೆಯ ಪೀಳಿಗೆ ಮಾತ್ರ ಇತ್ತು. ಎರಡಕ್ಕೂ ಇರುವ ಮುಖ್ಯ ಜಗಳವೇ ಅಕ್ಷರವನ್ನು ಕುರಿತದ್ದು: ಹಿಂದಿನದು ಪಠ್ಯವನ್ನು ಬರಿಯ ಬೈಟುಗಳ ರಾಶಿಯೆಂದು ಎಣಿಸುತ್ತಿತ್ತು, ಈಗಿನದು ಯೂನಿಕೋಡ್ ಅಕ್ಷರಗಳೆಂದು ಎಣಿಸುತ್ತದೆ. ಅದನ್ನು ತಿದ್ದಿದ್ದಾಯಿತು. ಆಮೇಲೆ, ಪರಿವರ್ತನೆಯಾದ ಸಾಲುಗಳನ್ನು ಪರೀಕ್ಷಿಸಲು ಅಕ್ಷರ ಎಣಿಸುವ ಭಾಗವನ್ನು ಆಕ್‌ನಲ್ಲಿ ಬರೆದಿದ್ದರು. ಅದರ ಲೆಕ್ಕ ಟ್ಯಾಲಿಯಾಗಲಿಲ್ಲ. ‘ಕನ್ನಡ’ ಎಂಬ ಮಾತಿಗೆ ಅವರ ಯಂತ್ರ 5 ಎಂದರೆ ನಮ್ಮದು 15 ಎಂದಿತು. ಕಣ್ಣಿಗೆ ಕಾಣುವುದು 3 ಅಕ್ಷರ! ವಿಚಾರಿಸಿದಾಗ ಮೂರೂ ಸರಿಯೆಂದು ತಿಳಿಯಿತು. ಓದುವವನಿಗೆ ಕ, ನ್ನ, ಡ ಎಂದು 3. ಯೂನಿಕೋಡಿಗೆ ಕ, ನ, ವಿರಾಮ, ನ, ಡ ಎಂದು 5. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 15. ಆಕ್ ಎಂಬ ಒಂದೇ ಹೆಸರಿನಲ್ಲಿ ಅವರ ಮನೆಯಲ್ಲಿದ್ದದ್ದು ಅಕ್ಷರ ಬಲ್ಲ ‘ಗಾಕ್’. ಸಂಘದಲ್ಲಿದ್ದದ್ದು ಬೈಟು ಮಾತ್ರ ಬಲ್ಲ ‘ಮಾಕ್’. ಇಷ್ಟನ್ನು ಕಂಡುಹಿಡಿಯಲು ಮೂರು ಭಾನುವಾರ ಹಿಡಿಯಿತು. ನಾಲ್ಕನೆಯ ಭಾನುವಾರದ ಹೊತ್ತಿಗೆ ಆ ತರುಣರಿಗೆ ಪುಣೆಗೆ ವರ್ಗವಾಗಿತ್ತು.

ಇಲ್ಲಿಯೇ ನಮ್ಮ ವಿಷಯದ ನಡುಗಂಬವಿರುವುದು. ನಾವೆಲ್ಲ ವರ್ಗಾವಣೆಯ ಜನ. ಬ್ಯಾಂಕು, ರೈಲ್ವೆ, ವಿಮಾ ಕಚೇರಿ, ಈಗ ತಂತ್ರಾಂಶದ ಕಂಪೆನಿ. ಇಂದು ಚೆನ್ನೈ, ನಾಳೆ ಇನ್ನೆಲ್ಲಿಯೋ. ತಿಳಿದವನು ಹೋದ ಕೂಡಲೇ ತಿಳಿವಳಿಕೆಯೂ ಹೋಗುವುದಾದರೆ ಸಂಘದ ಗತಿಯೇನು? ಬ್ಯಾಂಕಿನಲ್ಲಿ ಗುಮಾಸ್ತನು ಬದಲಾದರೂ ಲೆಡ್ಜರು ನಡೆಯುತ್ತದೆ, ಏಕೆಂದರೆ ಯಾವುದನ್ನು ಎಲ್ಲಿ, ಹೇಗೆ ಬರೆಯಬೇಕೆಂಬುದಕ್ಕೆ ಕಟ್ಟುಕಟ್ಟಳೆಯಿದೆ. ತಂತ್ರಾಂಶಕ್ಕೂ ಅಂಥ ಕಟ್ಟಳೆಯನ್ನು ಮಾಡಿದವರಿದ್ದಾರೆ. ಅದನ್ನೇ ‘ಪ್ಯಾಕೇಜು ಕಟ್ಟುವುದು’ ಎನ್ನುತ್ತಾರೆ.

ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ ಎಂಬವರು 1993ರ ಆಗಸ್ಟ್ 16ರಂದು ಒಂದು ಪ್ರಕಟಣೆ ಹೊರಡಿಸಿದರು. ಲಿನಕ್ಸಿಗೆ ಬೇಕಾದ ಕಾರ್ಯಕ್ರಮಗಳನ್ನೆಲ್ಲ ಸ್ವಯಂಸೇವಕರೇ ಶ್ರದ್ಧೆಯಿಂದ ಕಟ್ಟಿ, ಒಂದು ಉಗ್ರಾಣದಲ್ಲಿಟ್ಟು, ಯಾರಿಗಾದರೂ ಬಿಟ್ಟಿಯಾಗಿ ಒದಗಿಸುವುದೆಂದು ಅದರ ತಾತ್ಪರ್ಯ. ಗೆಳತಿ ಡೆಬ್ರಾ ಅವರ ಹೆಸರನ್ನೂ ತಮ್ಮ ಹೆಸರನ್ನೂ ಸೇರಿಸಿ ‘ಡೆಬಿಯನ್’ ಎಂದು ಹೆಸರಿಟ್ಟರು. 1997ರಲ್ಲಿ ಆ ಬಳಗವು ತನ್ನ ಸಾಮಾಜಿಕ ಒಪ್ಪಂದವನ್ನು ಬರೆದುಕೊಂಡಿತು. 1999ರ ಮಾರ್ಚಿನ 2.1 ಆವೃತ್ತಿಯೊಂದಿಗೆ ‘ಆಪ್ಟ್’ ಎಂಬ ಉಗ್ರಾಣಾಧಿಕಾರಿ ಕೆಲಸಕ್ಕೆ ಬಂತು: ಒಂದು ಪ್ಯಾಕೇಜು ಕೇಳಿದರೆ, ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳನ್ನು ತಾನೇ ಹುಡುಕಿ ಜೊತೆಗೆ ತಂದು ಹಾಕುತ್ತದೆ. 2023ರ 12ನೆಯ ಆವೃತ್ತಿಯ ಹೊತ್ತಿಗೆ ಆ ಉಗ್ರಾಣದಲ್ಲಿ 64,000ಕ್ಕೂ ಮಿಕ್ಕಿದ ಕಟ್ಟುಗಳಿದ್ದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರ ಜಾಗತಿಕ ಸಮ್ಮೇಳನ ಕೊಚ್ಚಿಯಲ್ಲಿ ಸೇರಿತ್ತು.

ಈ ಉಗ್ರಾಣದಲ್ಲಿ ಕನ್ನಡದ ಪಾಲೂ ಉಂಟು. ‘ಗುಬ್ಬಿ’, ‘ನವಿಲು’ ಎಂಬ ಎರಡು ಫಾಂಟುಗಳು, ಅರವಿಂದ ವಿ. ಕೆ. ಮೊದಲಾದವರ ಶ್ರಮದ ಫಲ, ಅಲ್ಲಿ ಸೇರಿವೆ. ನವಿಲು ಕೈಬರಹದ ಧಾಟಿಯದು. ಕಾಗುಣಿತ ಪರೀಕ್ಷಿಸುವ ‘ಆಸ್ಪೆಲ್’ ಉಪಕರಣಕ್ಕೆ ಕನ್ನಡದ ಪದಪಟ್ಟಿಯೊಂದಿದೆ. ಅದರ ಆವೃತ್ತಿ ಸಂಖ್ಯೆ 0.01. ಕಿಟ್ಟೆಲ್ಲರ ಕೋಶವನ್ನು ಹಿಗ್ಗಿಸಿದ ಊರಿನಲ್ಲಿ ಕುಳಿತು ಈ ಅಂಕಿಯನ್ನು ನೋಡಿದಾಗ ನಾಚಿಕೆಯಾಗದೆ ಇರದು. 2011ರ 6ನೆಯ ಆವೃತ್ತಿಯಲ್ಲಿ ಡೆಬಿಯನ್ ಸ್ಥಾಪನೆಯ ಪ್ರಶ್ನೋತ್ತರವೆಲ್ಲ ಕನ್ನಡದಲ್ಲಿ ದೊರೆಯುವಂತಾಯಿತು, ಆದರೆ ಚಿತ್ರದ ತೆರೆಯಲ್ಲಿ ಮಾತ್ರ. ಬರಿಯ ಅಕ್ಷರದ ಕಪ್ಪು ತೆರೆಗೆ ಕನ್ನಡದ ಒತ್ತುಗಳನ್ನು ಬಿಡಿಸಲು ಬರುತ್ತಿರಲಿಲ್ಲ.

ನಮ್ಮ ಚೆನ್ನೈಗೂ ಈ ಕಥೆಯಲ್ಲಿ ಒಂದು ಅಧ್ಯಾಯವಿದೆ. ಡೆಬಿಯನ್ನಿನ ತಳಹದಿಯ ಮೇಲೆ ‘ಬಾಸ್’ ಎಂಬ ಭಾರತೀಯ ವ್ಯವಸ್ಥೆಯನ್ನು ಕಟ್ಟಿ 2007ರ ಜನವರಿಯಲ್ಲಿ ಬಿಡುಗಡೆ ಮಾಡಿದವರು ಇಲ್ಲಿಯ ಸಿ-ಡ್ಯಾಕ್ ಸಂಸ್ಥೆಯವರು. ತಮಿಳುನಾಡು ಸರ್ಕಾರವು 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚತೊಡಗಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸಿನ ಪಕ್ಕದಲ್ಲಿ ಈ ಬಾಸ್ ಸಹ ಇತ್ತು. ತಾಳವಾಡಿ, ಹೊಸೂರು ಕಡೆಯ ಕನ್ನಡ ಮಾತಿನ ಮಕ್ಕಳೂ ಆ ಯೋಜನೆಯಿಂದ ಹೊರಗಿರಲಿಲ್ಲ. ಕನ್ನಡದ ಪ್ಯಾಕೇಜೊಂದು ಎಲ್ಲಿಯೋ ಕೂತು ಕಟ್ಟಿದ್ದು ಯಾರ ಮಡಿಲಿಗೆ ಹೋಗಿ ಬೀಳಬಹುದೆಂಬುದಕ್ಕೆ ಇದೊಂದು ನಿದರ್ಶನ.

ಪ್ಯಾಕೇಜಿನೊಳಗೆ ಏನಿರುತ್ತದೆ? ಕಾರ್ಯಕ್ರಮವಂತೂ ಸರಿಯೇ ಸರಿ. ಅದಕ್ಕಿಂತ ಮುಖ್ಯವಾದದ್ದು ಅದರೊಡನೆ ಇಡುವ ಕಾಗದಪತ್ರಗಳು. ‘ಕಂಟ್ರೋಲ್’ ಎಂಬ ಚೀಟಿಯಲ್ಲಿ ಹೆಸರು, ಆವೃತ್ತಿ, ಹೊಣೆಹೊತ್ತವರ ವಿಳಾಸ, ಯಾವ ಯಾವ ಬೇರೆ ಕಟ್ಟುಗಳನ್ನು ಅವಲಂಬಿಸಿದೆ ಎಂಬ ಪಟ್ಟಿ ಇರಬೇಕು. ‘ಗಾಕ್ ಬೇಕು, ಪೈಥಾನ್ ಮೂರನೆಯದು ಬೇಕು’ ಎಂದು ಅಲ್ಲಿ ಎರಡು ಮಾತು ಬರೆದಿದ್ದರೆ ನಮ್ಮ ಮೂರು ಭಾನುವಾರ ಉಳಿಯುತ್ತಿತ್ತು. ಇನ್ನೊಂದು ಚೀಟಿಯಲ್ಲಿ ದಿನಾಂಕ ಸಹಿತ ಪ್ರತಿಯೊಂದು ಬದಲಾವಣೆಯ ದಾಖಲೆ. ನಮ್ಮ ಡೇ ಬುಕ್ಕಿನಂತೆಯೇ. ಕಟ್ಟಿದವನು ತನ್ನ ಗುಪ್ತ ಕೀಲಿಯಿಂದ ಗಣಕದ ಸಹಿ ಹಾಕುತ್ತಾನೆ. ಬಳಗದವರ ಹತ್ತಿರ ಮಾದರಿ ಸಹಿ ಇದ್ದು, ಎರಡೂ ಹೊಂದಿದರೆ ಮಾತ್ರ ಉಗ್ರಾಣದ ಬಾಗಿಲು ತೆರೆಯುವುದು. ಕೌಂಟರಿನಲ್ಲಿ ದಿನವೂ ಚೆಕ್ಕಿನ ಸಹಿ ನೋಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಒಂದು ಅಸಮಾಧಾನ. ಪರಿವರ್ತಕಕ್ಕೆ ಮರಿಯಪ್ಪ ಭಟ್ಟರ ನೆನಪಿಗೆ ‘ಮರಿಯಪ್ಪ’ ಎಂದು ಹೆಸರಿಡಬೇಕೆಂದು ಎಲ್ಲರೂ ಒಪ್ಪಿದೆವು. ಆದರೆ ಕಟ್ಟಳೆಯ ಪ್ರಕಾರ ಪ್ಯಾಕೇಜಿನ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿಯೇ ಇರತಕ್ಕದ್ದು. ಕನ್ನಡವನ್ನು ಇಂಗ್ಲಿಷ್ ವೇಷದಿಂದ ಬಿಡಿಸುವ ಸಾಧನಕ್ಕೆ ಇಂಗ್ಲಿಷ್ ವೇಷ!

ದೊಡ್ಡ ತೊಡಕು ಬಂದದ್ದು ಹಕ್ಕುಪತ್ರದಲ್ಲಿ. ಪ್ರತಿಯೊಂದು ಕಡತವೂ ಯಾರದು, ಯಾವ ಲೈಸೆನ್ಸಿನಡಿ ಕೊಟ್ಟದ್ದು ಎಂದು ಬರೆಯಬೇಕು. ಕಾರ್ಯಕ್ರಮಕ್ಕೆ ಪುಣೆಯಿಂದ ಮಿತ್ರರು ಕೂಡಲೇ ಒಪ್ಪಿಗೆ ಕಳುಹಿಸಿದರು. ಆದರೆ ಅದರೊಳಗಿನ ಗುರುತುಗಳ ಪಟ್ಟಿಯನ್ನು ಅವರು ಎಲ್ಲಿಂದಲೋ ಇಳಿಸಿಕೊಂಡಿದ್ದರು, ಯಾರದೆಂದು ನೆನಪಿಲ್ಲ. ಯಾರದೋ ಸ್ವತ್ತನ್ನು ನಮ್ಮ ಸಹಿಯಿಂದ ದಾಟಿಸುವಂತಿಲ್ಲ. ಪಟ್ಟಿಯನ್ನು ನಾವೇ ಹೊಸದಾಗಿ ಮಾಡಬೇಕಾಯಿತು.

ಮಾಡಿದ ಬಗೆ ಹೀಗೆ: ಗೆದ್ದಲು ತಿಂದುಳಿದ ಅಚ್ಚಿನ ಪ್ರತಿಯನ್ನು ಮೇಜಿನ ಒಂದು ಕಡೆ ಇಟ್ಟು, ಸಿ.ಡಿ.ಯ ಗುರುತುಗಳನ್ನು ಇನ್ನೊಂದು ಕಡೆ ಇಟ್ಟು, ಒಂದೊಂದನ್ನೇ ಹೋಲಿಸಿ ಬರೆಯುವುದು. ಆರು ಭಾನುವಾರ ಹತ್ತಾರು ಮನೆಯವರು ಕುಳಿತರು. ಹುಡುಗರು ಹೆಚ್ಚು. ಅವರಲ್ಲಿ ಬಹುಮಂದಿಗೆ ಕನ್ನಡ ಮಾತು ಬಂದರೂ ಓದು ಬಾರದು. ಶಾಲೆಯಲ್ಲಿ ತಮಿಳು, ಇಂಗ್ಲಿಷು, ಹಿಂದಿ. ಆದರೆ ಆಕಾರಕ್ಕೆ ಆಕಾರ ಹೊಂದಿಸಲು ಓದು ಬೇಕಿಲ್ಲವಲ್ಲ! ‘ಮ’ ಅಕ್ಷರಕ್ಕೆ ಈ ಫಾಂಟಿನಲ್ಲಿ ಬೇರೆ ಮೊಳೆಯೇ ಇಲ್ಲವೆಂದೂ, ‘ವ’ದ ತುಂಡುಗಳಿಗೆ ಬಲಗಡೆ ಒಂದು ಕೊಂಬು ಸೇರಿಸಿ ಅದನ್ನು ಮಾಡಿದ್ದಾರೆಂದೂ ಕಂಡುಹಿಡಿದವಳು ಪೆರಂಬೂರಿನ ಏಳನೆಯ ತರಗತಿಯ ಹುಡುಗಿ. ಉದ್ದದ ಗುಂಪನ್ನು ಮೊದಲು ನೋಡದಿದ್ದರೆ ‘ಮನೆ’ಯೆಲ್ಲ ‘ವುನೆ’ಯಾಗುವುದೆಂದು ಆಮೇಲೆ ನಮಗೆ ಹೊಳೆಯಿತು.

ಅರ್ಕಾವೊತ್ತು ಇನ್ನಷ್ಟು ಕಾಡಿತು. ಬರೆಯುವಾಗ ನಾವು ರೇಫವನ್ನು ಅಕ್ಷರದ ಬಲಕ್ಕೆ ಹಾಕುತ್ತೇವೆ, ಉಚ್ಚರಿಸುವುದು ಮೊದಲು. ಹಳೆಯ ಫಾಂಟು ಬರೆಯುವ ಕ್ರಮವನ್ನು ಹಿಡಿಯಿತು. ಯೂನಿಕೋಡು ಉಚ್ಚಾರದ ಕ್ರಮವನ್ನು ಹಿಡಿಯಿತು. ಪರಿವರ್ತಕವು ಇದನ್ನರಿತು ರೇಫವನ್ನು ಎತ್ತಿ ಹಿಂದಕ್ಕೆ ಇಡದಿದ್ದರೆ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗುತ್ತದೆ. ಮೊದಲ ಸಲ ಇಡೀ ಸಂಚಿಕೆಯನ್ನು ಓಡಿಸಿದಾಗ ಮುಖಪುಟದಿಂದ ಹಿಡಿದು ಕೊನೆಯ ಜಾಹೀರಾತಿನವರೆಗೆ ಎಲ್ಲೆಲ್ಲಿಯೂ ‘ಕನಾರ್ಟಕ’! ರಾಜ್ಯೋತ್ಸವಕ್ಕೆ ನಾಡಿನ ಹೆಸರನ್ನೇ ಕೆಡಿಸಿದ ಕೀರ್ತಿ ನಮಗೆ ಬರುವುದರಲ್ಲಿತ್ತು. ತಿದ್ದಿದೆವು, ತಿದ್ದಿದ್ದು ಮತ್ತೆ ಕೆಡದ ಹಾಗೆ, ಕಟ್ಟುವಾಗಲೆಲ್ಲ ಯಂತ್ರವು ತಾನಾಗಿ ‘ಕರ್ನಾಟಕ’, ‘ಸೂರ್ಯ’, ‘ಮನೆ’, ‘ಅಮ್ಮ’ ಮೊದಲಾದ ನಲವತ್ತು ಮಾತುಗಳನ್ನು ಪರೀಕ್ಷಿಸಿ, ಒಂದು ತಪ್ಪಿದರೂ ಕಟ್ಟದೆ ನಿಲ್ಲುವಂತೆ ಏರ್ಪಡಿಸಿದೆವು. ಸಂಜೆ ಟ್ಯಾಲಿಯಾಗದೆ ಬ್ಯಾಂಕಿನ ಬಾಗಿಲು ಹಾಕಬಾರದೆಂಬುದು ಹಳೆಯ ಪಾಠ.

ಈಗ ಆ ಪ್ಯಾಕೇಜು ಸಂಘದ ಎರಡು ಯಂತ್ರಗಳಲ್ಲಿಯೂ, ನಾಲ್ಕಾರು ಸದಸ್ಯರ ಮನೆಗಳಲ್ಲಿಯೂ ಒಂದೇ ಅಪ್ಪಣೆಗೆ ಸ್ಥಾಪನೆಯಾಗಿ ನಡೆಯುತ್ತಿದೆ. ಡೆಬಿಯನ್ನಿನ ದೊಡ್ಡ ಉಗ್ರಾಣಕ್ಕೆ ಇನ್ನೂ ಸೇರಿಲ್ಲ. ಅಲ್ಲಿ ಹೊರಗಿನವರ ಕಟ್ಟನ್ನು ಬಳಗದ ಸದಸ್ಯರೊಬ್ಬರು ಪರೀಕ್ಷಿಸಿ ತಮ್ಮ ಸಹಿಯಿಂದ ಒಳಗೆ ಬಿಡಬೇಕು; ಸಾಲಕ್ಕೆ ಜಾಮೀನು ನಿಲ್ಲುವಂತೆ. ಅರ್ಜಿ ಹಾಕಿದ್ದೇವೆ. ಮುಂದೆ ಬರುವ ದೂರುಗಳಿಗೆ ಉತ್ತರಿಸುತ್ತ ವರ್ಷವರ್ಷವೂ ಅದನ್ನು ನೋಡಿಕೊಳ್ಳುವವರು ಯಾರೆಂಬುದು ಅವರು ಕೇಳಿರುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಒಬ್ಬರ ಹೆಸರಿನ ಬದಲು ಮೂವರ ಹೆಸರನ್ನು ಬರೆದಿದ್ದೇವೆ; ಮೂವರಿಗೂ ಒಟ್ಟಿಗೆ ವರ್ಗವಾಗಲಾರದೆಂಬ ಧೈರ್ಯದಿಂದ.

2001ರ ಸಂಚಿಕೆ ಪೂರ್ತಿ ದೊರೆತಿದೆ. ಐನಾವರದ ಲೇಖನವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿ ಹಿರಿಯರಿಗೆ ಒಯ್ದು ಕೊಟ್ಟೆವು. ಅಣ್ಣನವರು ಬರೆದ ಒಂದು ಇಸವಿ ತಪ್ಪೆಂದು ಅವರು ಅಂದೇ ಗುರುತು ಹಾಕಿ ಕಳುಹಿಸಿದ್ದಾರೆ. ಸಂಘದ ಬೀರುವಿನಲ್ಲಿದ್ದ ಬೇರೆ ಹದಿನಾಲ್ಕು ಡಿಸ್ಕುಗಳಲ್ಲಿ ಹನ್ನೊಂದನ್ನು ಓದಿಸಿದ್ದಾಯಿತು. ಮೂರು ಯಾವ ಯಂತ್ರಕ್ಕೂ ಬಗ್ಗುತ್ತಿಲ್ಲ. ಅವು 1999, 2003 ಮತ್ತು 2004ರವು. ಆ ವರ್ಷಗಳ ಅಚ್ಚಿನ ಸಂಚಿಕೆಗಳಾಗಲಿ, ಲೇಖನ ಬರೆದವರ ಕೈಯಲ್ಲಿ ಉಳಿದ ಸಿ.ಡಿ., ಫ್ಲಾಪಿಗಳಾಗಲಿ ಯಾರ ಮನೆಯ ಅಟ್ಟದ ಮೇಲೆ ಇದ್ದರೂ, ಯಾವ ಭಾನುವಾರವಾದರೂ ಬೆಳಿಗ್ಗೆ ಹತ್ತರಿಂದ ಒಂದರೊಳಗೆ ಸಂಘಕ್ಕೆ ತಂದುಕೊಡಬೇಕೆಂದು ಪ್ರಾರ್ಥನೆ. ನಕಲು ಮಾಡಿಕೊಂಡು ಅಂದೇ ಹಿಂದಿರುಗಿಸುತ್ತೇವೆ.